ಓದದೆ ಉಳಿದ ಕಡತ

ಜಯಂತಗಿರಿಯ ಕೋಟೆಗೋಡೆಗೆ ಎಳೆಬಿಸಿಲು ತಾಕುವ ಹೊತ್ತಿಗೆ ಬಣ್ಣಗಾರರ ಕೇರಿಯ ಹೆಂಗಸರು ಒದ್ದೆ ಸೀರೆಗಳನ್ನು ತಂದು ಕಲ್ಲಿನ ಮೇಲೆ ಹರವುತ್ತಿದ್ದರು. ಹಳದಿ, ನೀಲಿ, ಹಸುರುಗಳ ನಡುವೆ ನೀಲಬ್ಬೆಯ ಮನೆಯ ಕೆಂಪು ಹರದಾರಿ ದೂರದ ದಾರಿಹೋಕನನ್ನೂ ನಿಲ್ಲಿಸಿ ನೋಡುವಂತೆ ಮಾಡುತ್ತಿತ್ತು. ನೂರು ಸಲ ಒಗೆದರೂ ಮಾಸದ ಆ ಕೆಂಪಿಗಾಗಿಯೇ ಕಡಲಾಚೆಯ ವರ್ತಕರು ಈ ರಾಜಧಾನಿಯನ್ನು ಹುಡುಕಿಕೊಂಡು ಬರುತ್ತಿದ್ದರು. ಅದರ ಪಾಕವನ್ನು ಬಲ್ಲವಳು ಆ ಮನೆಯ ಹಿರಿಯ ಹೆಂಗಸೊಬ್ಬಳೇ. ಕಪ್ಪು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದಿಟ್ಟ ಅದನ್ನು ಅತ್ತೆ ಸಾಯುವ ಮುನ್ನ ಸೊಸೆಯ ಕೈಗಿಡುತ್ತಿದ್ದಳು.

ಅಂಥ ಕಡತ ಈಗ ಧರ್ಮಸಭೆಯ ಕಟ್ಟೆ ಹತ್ತಿತ್ತು. ಈ ಪಾಕ ತನ್ನ ಮನೆತನದ್ದು, ನೀಲಬ್ಬೆಯ ಅತ್ತೆ ಅದನ್ನು ಕದ್ದೊಯ್ದಳು, ಬೇಕಾದರೆ ತನ್ನಲ್ಲಿರುವ ಕಡತಕ್ಕೂ ಅವಳದಕ್ಕೂ ತಾಳೆ ನೋಡಿ ಎಂದು ಚೌಡಿಸೆಟ್ಟಿ ಎಂಬ ವರ್ತಕನು ವ್ಯಾಜ್ಯ ಹೂಡಿದ್ದನು. ಸಾಕ್ಷ್ಯಕ್ಕೆ ಬಂದ ಯಾವ ಲಿಖಿತವೇ ಆಗಲಿ, ತುಂಬಿದ ಸಭೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಬೇಕೆಂಬುದು ಜಯಂತಗಿರಿಯ ಸಂಪ್ರದಾಯ. ಓದುವವನು ಸಭಾವಾಚಕ ಕೇತರಸ. ಇಪ್ಪತ್ತಾರು ವರ್ಷಗಳಿಂದ ಅವನ ಕಂಠವೇ ಆ ಸಭೆಯ ಕಂಠವಾಗಿತ್ತು. ಅವನ ಓದನ್ನು ಕೇಳುವುದಕ್ಕೆಂದೇ ವ್ಯಾಜ್ಯವಿಲ್ಲದವರೂ ಬಂದು ಕೂರುತ್ತಾರೆಂದು ಅವನು ನಂಬಿದ್ದನು. ಅದರಲ್ಲಿ ಅರ್ಧ ನಿಜವೂ ಇತ್ತು.

ಆದರೆ ಧರ್ಮಾಧಿಕಾರಿ ಲಕ್ಕಣಾರ್ಯರು ಈ ಸಲ ಸಂಪ್ರದಾಯವನ್ನು ಮುರಿದರು. ಕುಲವೃತ್ತಿಯ ಗುಟ್ಟು ಬಯಲಾದ ಮೇಲೆ ಗೆದ್ದು ಫಲವೇನು ಎಂದು, ಎರಡು ಕಡತಗಳನ್ನೂ ಅರಗಿನ ಮುದ್ರೆಯೊತ್ತಿ ಪೆಟ್ಟಿಗೆಯಲ್ಲಿರಿಸಿ, ತಾವೊಬ್ಬರೇ ತಾಳೆ ನೋಡುವುದಾಗಿ ಸಾರಿದರು. ಪೆಟ್ಟಿಗೆಯ ರಕ್ಷಣೆ ಕರಣಿಕ ಸೋವಣ್ಣನದಾಯಿತು.

ಕೇತರಸನಿಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಈ ಸೋವಣ್ಣ ನಿನ್ನೆ ಮೊನ್ನೆ ತನ್ನ ಕೈಕೆಳಗೆ ಬಳಪ ಹಿಡಿಯಲು ಕಲಿತವನು. ಬಾಯಿ ತೆರೆದರೆ ಪಕ್ಕದವನಿಗೂ ಕೇಳಿಸದಂಥ ಧ್ವನಿ. ಈಗ ಅವನು ಪೆಟ್ಟಿಗೆ ಹೊತ್ತು ಬರುವಾಗ ದ್ವಾರಪಾಲಕರು ದಾರಿ ಬಿಡುತ್ತಿದ್ದರು, ಲಕ್ಕಣಾರ್ಯರು ತಮ್ಮ ಬಳಿಯೇ ಮಣೆ ಹಾಕಿಸುತ್ತಿದ್ದರು. ಊಟಕ್ಕೆ ಕೂತಾಗ ಹೆಂಡತಿ ನಾಗಲೆ, ಸೋವಣ್ಣ ಎಷ್ಟು ನಂಬಿಗಸ್ತ ನೋಡಿ ಎಂದಳಂತೆ; ಕೇತರಸ ಅರ್ಧಕ್ಕೇ ಕೈ ತೊಳೆದು ಎದ್ದನು.

ಇಂಥವನ ಉರಿಗೆ ಗಾಳಿ ಹಾಕಲು ಒಬ್ಬರು ಬೇಕಾಗಿತ್ತು. ಅರಸನ ಮೈದುನ ಬೈಚರಾಜನು ಒದಗಿದನು. ತನ್ನ ಉದ್ಯಾನಕ್ಕೆ ಕರೆಸಿಕೊಂಡು ಕೇತರಸನ ಕಂಠವನ್ನು ಬಾಯಿ ತುಂಬ ಹೊಗಳಿದನು. ಇಷ್ಟು ಕಾಲದ ಸಂಪ್ರದಾಯಕ್ಕೆ ಅಪಚಾರವಾಗುತ್ತಿದ್ದರೂ ವಾಚಕರು ಸುಮ್ಮನಿರುವರೇ ಎಂದು ಮೆಲ್ಲನೆ ಕೇಳಿದನು. ಮರುದಿನವೇ ಕೇತರಸ ಅರಸನಿಗೆ ಬಿನ್ನವತ್ತಳೆ ಬರೆದನು. ಸಂಪ್ರದಾಯವೆಂದರೆ ಕರಗುವ ಅರಸನು ಕಡತಗಳನ್ನು ಸಭೆಯಲ್ಲಿ ಓದಿಸತಕ್ಕದ್ದೆಂದು ಅಪ್ಪಣೆ ಕೊಟ್ಟನು. ಬೈಚರಾಜನಿಗೆ ಇದರಲ್ಲಿ ಇಷ್ಟೇಕೆ ಆಸಕ್ತಿಯೆಂದು ಕೇಳಿಕೊಳ್ಳುವ ವ್ಯವಧಾನ ವಾಚಕನಿಗಿರಲಿಲ್ಲ. ಸೋವಣ್ಣನ ಕೈಯಿಂದ ಪೆಟ್ಟಿಗೆಯನ್ನು ಕಿತ್ತುಕೊಳ್ಳುವ ಗಳಿಗೆಯೊಂದೇ ಅವನ ಕಣ್ಣ ಮುಂದಿತ್ತು.

ಆ ಗಳಿಗೆ ಬಂತು. ಸಭೆ ಕಿಕ್ಕಿರಿದಿತ್ತು. ಸೋವಣ್ಣ ನೀಲಬ್ಬೆಯ ಕಡತವನ್ನು ಎರಡೂ ಕೈಗಳಲ್ಲಿ ನೀಡುತ್ತ, "ಮುದ್ರೆಯನ್ನು ನೋಡಿಕೊಳ್ಳಬೇಕು ಸ್ವಾಮಿ. ನಾನು ಬಿಚ್ಚಿಲ್ಲ" ಎಂದನು. ಎಲ್ಲಾದರೂ ಒಂದು ಬಿರುಕಿದ್ದೀತೆಂದು ಕೇತರಸ ಅರಗನ್ನು ಹೊರಳಿಸಿ ಹೊರಳಿಸಿ ನೋಡಿದನು. ಬಿರುಕಿರಲಿಲ್ಲ. ಮುದ್ರೆ ಒಡೆದು ಮೊದಲ ಮಡಿಕೆ ಬಿಡಿಸಿದನು. ಕಪ್ಪಿನ ಮೇಲೆ ಬಿಳಿಯ ಅಕ್ಷರಗಳು ನಿನ್ನೆ ಬರೆದಷ್ಟು ಸ್ಪಷ್ಟವಾಗಿದ್ದವು. ಗಂಟಲು ಸರಿಪಡಿಸಿಕೊಂಡು, ಎಂದಿನಂತೆ ಸಭೆಯತ್ತ ಒಮ್ಮೆ ಕಣ್ಣಾಡಿಸಿದನು.

ನೀಲಬ್ಬೆ ಅಳುತ್ತಿರಲಿಲ್ಲ. ನೆಲ ನೋಡುತ್ತ ಕೂತಿದ್ದಳು. ಅವಳ ಹಿಂದೆ ಇಬ್ಬರು ಸೊಸೆಯರು, ಒಬ್ಬ ಮೈದುನ. ವಾಚಕನು ತಲೆಯೆತ್ತಿದ್ದೇ ತಡ, ಮೂವರೂ ಅಂಗೈಗಳಿಂದ ತಮ್ಮ ಕಿವಿ ಮುಚ್ಚಿಕೊಂಡರು. ಹಿರಿಯಳು ಬದುಕಿರುವಾಗ ಆ ಪಾಕ ಕೇಳುವ ಅಧಿಕಾರ ಅವರಿಗಿರಲಿಲ್ಲ. ಊರೆಲ್ಲ ಕೇಳಲಿರುವ ಮಾತನ್ನು ಆ ಮನೆಯವರು ಮಾತ್ರ ಕೇಳಲೊಲ್ಲರು. ಇತ್ತ ಬೈಚರಾಜನ ಪಕ್ಕದಲ್ಲಿ ಇಬ್ಬರು ಪರನಾಡಿನ ಏಕಪಾಠಿಗಳು, ಒಮ್ಮೆ ಕೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಬಲ್ಲವರು, ಕುತ್ತಿಗೆ ಚಾಚಿ ಕೂತಿದ್ದರು. ಅವರನ್ನು ನೆರೆರಾಜ್ಯದ ಆಸ್ಥಾನದಲ್ಲಿ ಕೇತರಸ ಕಂಡಿದ್ದನು. ವ್ಯಾಜ್ಯ ಹೂಡಿದ್ದು ಏಕೆಂದು ಅವನಿಗೆ ಆಗ ತಿಳಿಯಿತು. ಗುಟ್ಟನ್ನು ಹೊರಗೆಳೆಯಲು ಬೈಚರಾಜನಿಗೂ ಸೆಟ್ಟಿಗೂ ಒಂದು ಬಾಯಿ ಬೇಕಾಗಿತ್ತು, ಅದಕ್ಕೆ ತಾನು ಒದಗಿದ್ದನು. ತನ್ನ ಕಂಠವನ್ನು ಕೇಳಲು ಅಲ್ಲಿ ಯಾರೂ ಬಂದಿರಲಿಲ್ಲ. ನಾಚಿಕೆಯಿಂದ ಅವನ ಕಿವಿಗಳು ಬಿಸಿಯಾದವು.

ಓದದಿರಲು ಒಂದು ದಾರಿ ಕೂಡಲೇ ಹೊಳೆಯಿತು. ಬಳಪದ ಅಕ್ಷರ ಅಳಿಸಿಹೋಗಿದೆ ಎಂದರಾಯಿತು. ಗುಟ್ಟು ಉಳಿಯುತ್ತದೆ; ಕಾಪಿಟ್ಟ ಸೋವಣ್ಣ ಇಂದೇ ಬೀದಿಗೆ ಬೀಳುತ್ತಾನೆ. ಎಂಥ ಸವಿಯಾದ ಯೋಚನೆ ಅದು! ಮಾತು ನಾಲಗೆಯ ತುದಿಗೂ ಬಂತು. ಸೋವಣ್ಣ ಮಾತ್ರ ಏನೂ ಅರಿಯದೆ, ಗುರುವಿನ ಓದಿಗೆ ಕಾದ ಶಿಷ್ಯನಂತೆ, ಕೈಕಟ್ಟಿ ನಿಂತಿದ್ದನು.

"ಆರ್ಯರೆ, ಅಕ್ಷರಗಳು ಸರಿಯಾಗಿವೆ. ನನ್ನ ಕಣ್ಣು ಸರಿಯಿಲ್ಲ. ನನಗೆ ಕಾಣುತ್ತಿಲ್ಲ" ಎಂದನು ಕೇತರಸ.

ಸಭೆ ಗುಜುಗುಜು ಎಂದಿತು. ಲಕ್ಕಣಾರ್ಯರು ಅವನನ್ನೇ ನೋಡಿ, "ಇದನ್ನು ಹೇಳಿದ ಮೇಲೆ ನೀವು ಇನ್ನೆಂದೂ ಇಲ್ಲಿ ಓದುವಂತಿಲ್ಲ, ಕೇತರಸರೆ. ಬಲ್ಲಿರಷ್ಟೆ?" ಎಂದರು.

"ಬಲ್ಲೆ."

ವಾಚಕನು ಓದಲಾರದ ಲಿಖಿತವನ್ನು ಧರ್ಮಾಧಿಕಾರಿಯೇ ಏಕಾಂತದಲ್ಲಿ ನೋಡಬೇಕೆಂಬುದೂ ಆ ಸಭೆಯ ಹಳೆಯ ಕಟ್ಟಳೆಯೇ ಆಗಿತ್ತು. ಸಂಪ್ರದಾಯದ ಹೆಸರು ಹೇಳಿಕೊಂಡು ಬಂದಿದ್ದ ಬೈಚರಾಜನು ತುಟಿಪಿಟಕ್ಕೆನ್ನುವಂತಿರಲಿಲ್ಲ. ಚೌಡಿಸೆಟ್ಟಿಯ ಕಡತದಲ್ಲಿ ಒಂದು ಚಿಂದಿಯನ್ನೂ ಕೆಂಪಾಗಿಸದ ಅಡ್ಡಾದಿಡ್ಡಿ ಬರವಣಿಗೆ ಬಿಟ್ಟು ಬೇರೇನೂ ಇರಲಿಲ್ಲ. ಸಂಜೆಯೊಳಗೆ ವ್ಯಾಜ್ಯ ವಜಾ ಆಯಿತು. ನೀಲಬ್ಬೆ ಮತ್ತೆ ಮುದ್ರೆಯೊತ್ತಿದ ಕಡತವನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು.

ವಾಚಕನ ಪೀಠ ಸೋವಣ್ಣನಿಗೆ ಸಿಕ್ಕಿತು. ನಿಚ್ಚಳವಾಗಿ ಕಾಣುವ ಕಣ್ಣುಗಳನ್ನಿಟ್ಟುಕೊಂಡೂ ಕೇತರಸನು ನಾಗಲೆಯ ಕೈಹಿಡಿದು ತಡವರಿಸುತ್ತ ಬಂದು ಸಭೆಯ ಹಿಂದಿನ ಸಾಲಿನಲ್ಲಿ ಕೂತು, ಆ ಸಣ್ಣ ಧ್ವನಿಯ ಓದನ್ನು ಹಲ್ಲು ಕಚ್ಚಿಕೊಂಡು ಕೇಳಿದನು. ಹೊಟ್ಟೆಕಿಚ್ಚು ಎಳ್ಳಷ್ಟೂ ಆರಿರಲಿಲ್ಲ.

ಎಂಟನೆಯ ದಿನ ಸೋವಣ್ಣ ಅವನ ಮನೆಯ ಜಗುಲಿಗೆ ಬಂದನು. "ಅಳಿಸಿದೆ ಎಂದು ನನ್ನ ತಲೆಗೆ ಕಟ್ಟಬಹುದಿತ್ತು. ತಾವೇಕೆ ಹಾಗೆ ಮಾಡಲಿಲ್ಲ, ಸ್ವಾಮಿ?"

ಕೇತರಸ ಅವನ ಮುಖವನ್ನು ನೇರವಾಗಿ ನೋಡಿದನು. ಇವನ ಮುಂದೆ ಕುರುಡನಾಗಿ ಪ್ರಯೋಜನವಿರಲಿಲ್ಲ.

"ಹಾಗೆ ಹೇಳಬೇಕೆಂದೇ ಬಾಯಿ ತೆರೆದಿದ್ದೆ" ಎಂದನು. "ನೀನು ಮುದ್ರೆಯನ್ನು ಅಷ್ಟು ಚೆನ್ನಾಗಿ ಕಾಪಾಡದಿದ್ದರೆ ಹೇಳಿಯೇ ಬಿಡುತ್ತಿದ್ದೆ. ಅದಿರಲಿ, ನಿನ್ನ ಓದು ಕೇಳಲಾಗುವುದಿಲ್ಲ. ಪ್ರತಿ ಸಾಲಿನ ಕೊನೆಯಲ್ಲಿ ಉಸಿರು ಬಿಟ್ಟುಬಿಡುತ್ತೀಯೆ. ಕೂರು ಇಲ್ಲಿ, ಹೇಳಿಕೊಡುತ್ತೇನೆ."