ಎಂಟು ಇಂಚಿನ ಕೆಳಗೆ

ಮಾರ್ಚ್ 3, 2025, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ರೋಣ ಪೊಲೀಸ್ ಠಾಣೆಗೆ ಬಂದ ಹೆಂಗಸು ಒಳಗೂ ಬರದೆ ಹೊರಗೂ ಹೋಗದೆ ಹೊಸ್ತಿಲಲ್ಲೇ ನಿಂತಳು. ಹೆಡ್ ಕಾನ್‌ಸ್ಟೇಬಲ್ ಜಂಗ್ಲಿಸಾಬ ತಾನು ಕೂತಿದ್ದ ಕುರ್ಚಿಯನ್ನೇ ಫ್ಯಾನಿನ ಕೆಳಗೆ ಎಳೆದು, "ಬರ್ರಿ ಯವ್ವಾ, ಇದು ನಿಂತು ಹೇಳೂ ಮಾತಲ್ಲ ಅನ್ನಸ್ತೈತಿ" ಎಂದ. ಒಳಕೋಣೆಯಿಂದ ಅದನ್ನು ಕಂಡ ಪಿಎಸ್‌ಐ ಮಹೇಶ್ವರಿ ಮುಂದಿದ್ದ ಫೈಲು ಮುಚ್ಚಿ ಎದ್ದು ಬಂದಳು.

ಹೆಂಗಸು ಬೆಳವಣಕಿಯ ರೇಣವ್ವ. ಗಂಡ ಮಾಳಿಂಗರಾಯ, ವಯಸ್ಸು ನಲವತ್ತೆರಡು, ಕೂಲಿ ಕೆಲಸ. ಫೆಬ್ರವರಿ 11ರ ಮುಂಜಾನೆ ಮನೆಯಿಂದ ಹೋದವನು ತಿರುಗಿ ಬಂದಿರಲಿಲ್ಲ.

"ಇಪ್ಪತ್ತ ದಿನ ಆತಲ್ಲ ರೇಣವ್ವ. ಯಾಕ ಸುಮ್ನಿದ್ರಿ?"

"ಗೋವಾಕ್ಕ ದುಡಿಯಾಕ ಹೋಗ್ಯಾನ ಅಂದ್ರುರೀ."

"ಯಾರು?"

"ಗುರುಸಂಗಪ್ಪ ಸಾವ್ಕಾರ್ರು. ಅವರ ಮುಂದ ಹೇಳಿ ಹೋದನಂತ. ಅಂಥಾ ದೊಡ್ಡ ಮನಶಾರು ಸುಳ್ಳ ಯಾಕ ಹೇಳ್ತಾರಿ?"

"ಮತ್ತ ಈಗ್ಯಾಕ ಬಂದ್ರಿ?"

ರೇಣವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು. "ಅವತ್ತ ಅಂವಾ ಬಾವಿ ಹಗ್ಗ ಹೆಗಲಿಗೆ ಹಾಕ್ಕೊಂಡ ಹೋಗ್ಯಾನ್ರಿ. ಅಂಗಿ, ಲುಂಗಿ ಎಲ್ಲಾ ಗೂಟಕ್ಕ ಹಂಗ ಅದಾವ. ಗೋವಾಕ್ಕ ಹೋಗಾಂವಗ ಅಂಗಿ ಬ್ಯಾಡ, ಹಗ್ಗ ಬೇಕೇನ್ರಿ?"

ಜಂಗ್ಲಿಸಾಬ ನೀರಿನ ಲೋಟ ತಂದಿಟ್ಟ. ಆಕೆ ಮುಟ್ಟಲಿಲ್ಲ.

"ಓಣ್ಯಾಗಿನವರು ಯಾವಾಕಿ ಬೆನ್ನ ಹತ್ತಿ ಹೋದ್ನೋ ಅಂತ ನಗತಾರ್ರಿ. ಹೂ ಮುಡೀಲೋ ಬ್ಯಾಡೋ, ಅಂವನ ಪಾಲಿನ ರೊಟ್ಟಿ ಬಡೀಲೋ ಬ್ಯಾಡೋ ತಿಳೀವಲ್ದು. ಅತ್ತಾಗೂ ಇಲ್ಲ, ಇತ್ತಾಗೂ ಇಲ್ಲ. ಇದ್ದಾನ ಅನ್ರಿ, ಇಲ್ಲಾ ಇಲ್ಲ ಅನ್ರಿ. ಎರಡರಾಗ ಒಂದ ಹೇಳಿಬಿಡ್ರಿ ಮೇಡಮ್ಮಾರ."

"ಮನಿ ಹ್ಯಾಂಗ ನಡದೈತಿ?"

"ಸಾವ್ಕಾರ್ರು ಜೋಳದ ಚೀಲ ಕಳಿಸ್ಯಾರ್ರಿ. ಪುಣ್ಯಾತ್ಮರು."

"ಯಾವಾಗ ಕಳಿಸಿದ್ರು?"

"ಅಂವಾ ಹೋದ ಮರುದಿನಾನ."

ಮಹೇಶ್ವರಿಯ ಪೆನ್ನು ನಿಂತಿತು. "ಮರುದಿನ, ಅಂವಾ ಬರೂದಿಲ್ಲ ಅಂತ ನಿಮಗ ಗೊತ್ತಿತ್ತೇನು?"

"ಇಲ್ರಿ. ನಾ ಇನ್ನಾ ಸಂಜಿಕ ಬರ್ತಾನ ಅಂತ ಹಾದಿ ಕಾಯಾಕತ್ತಿದ್ದೆ."

ಹನ್ನೊಂದು ಗಂಟೆಗೆ ಮನುಷ್ಯ ಕಾಣೆ ಎಂದು ಎಫ್ಐಆರ್ ದಾಖಲಾಯಿತು. ಜೋಳದ ಚೀಲದ ಮಾತನ್ನು ಮಹೇಶ್ವರಿ ತನ್ನ ಪುಟ್ಟ ಡೈರಿಯಲ್ಲಿ ಬೇರೆಯಾಗಿ ಬರೆದುಕೊಂಡಳು. ಒಳ್ಳೆಯತನವನ್ನು ಅನುಮಾನಿಸುವುದು ಆಕೆಗೆ ಸೇರದ ಕೆಲಸ. ಆದರೆ ಈ ಒಳ್ಳೆಯತನ ಒಂದಿಷ್ಟು ಬೇಗ ಬಂದಿತ್ತು.

ಮಾರ್ಚ್ 5ರಂದು ಮಾಳಿಂಗರಾಯನ ಮೊಬೈಲಿನ ವಿವರ ಕೈಸೇರಿತು. ಫೆಬ್ರವರಿ 11ರ ಬೆಳಿಗ್ಗೆ 10.52ಕ್ಕೆ ಬೆಳವಣಕಿಯ ಟವರಿನಲ್ಲಿ ಸಿಕ್ಕ ಫೋನು ಆಮೇಲೆ ಎಲ್ಲಿಯೂ ಸಿಕ್ಕಿರಲಿಲ್ಲ. ಗದಗ ಸ್ಟೇಷನ್ನಿನಲ್ಲೂ ಇಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ. ಅಂದೇ ಮಧ್ಯಾಹ್ನ ಮಹೇಶ್ವರಿ, ಜಂಗ್ಲಿಸಾಬ ಇಬ್ಬರೂ ಬೆಳವಣಕಿಗೆ ಹೋದರು.

ಗುರುಸಂಗಪ್ಪನವರದು ಮೂರು ತಲೆಮಾರಿನ ವಾಡೆ. ರೋಣದ ಪೇಟೆಯಲ್ಲಿ ದಲಾಲಿ ಅಂಗಡಿ, ಊರಲ್ಲಿ ನೂರೆಕರೆ ಎರೆ ಹೊಲ. ಇಂಥ ಮನೆಯ ತಲಬಾಗಿಲು ಹಗಲಿಡೀ ತೆರೆದೇ ಇರುವುದು ವಾಡಿಕೆ. ಈ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಕೂಗಿದಾಗ ಯಜಮಾನರು ಹಿತ್ತಲ ಬಾಗಿಲಿಂದ ಸುತ್ತು ಹಾಕಿ ಬಂದರು. ಅರವತ್ತೆಂಟರ ಸಣಕಲು ಮೈ, ಇಸ್ತ್ರಿ ಮಾಡಿದ ಧೋತರ, ಹಣೆಯ ಮೇಲೆ ವಿಭೂತಿ.

"ಬರ್ರಿ, ಹಿತ್ತಲದಾಗ ಕೂಡೂಣು. ಅಲ್ಲೆ ನೆರಳೈತಿ."

"ಮುಂದಿನ ಬಾಗಲಾ ಯಾಕ ಹಾಕೀರಿ ಸಾವ್ಕಾರ್ರ?"

"ಧೂಳ್ರಿ. ರಸ್ತೆ ಕೆಲಸ ನಡದೈತೆಲ್ಲ."

ಮಾಳಿಂಗರಾಯ ಬಂದಿದ್ದು ಹೌದು, ಗೋವಾಕ್ಕೆ ಹೋಗುತ್ತೇನೆಂದು ಹೇಳಿದ್ದು ಹೌದು ಎಂದರು. ಬಸ್ಸು ಯಾವುದು, ಜೊತೆಗೆ ಯಾರು ಎಂದರೆ ಗೊತ್ತಿಲ್ಲ. ಮಾತಾಡುವಾಗ ಅವರು ಜಂಗ್ಲಿಸಾಬನಿಗೆ ಎರಡು ಸಲ ಚಹಾ ಹಾಕಿಸಿದರು. ತಮ್ಮ ಬಟ್ಟಲು ಹಾಗೇ ಆರಿತು.

ಹೊರಡುವಾಗ ಮಹೇಶ್ವರಿ ಬೇಕೆಂದೇ ಮುಂದಿನ ಅಂಗಳದಿಂದ ನಡೆದಳು. ಮದುವೆಯ ಹಂದರದ ಗೂಟದ ಕುಳಿಗಳು ಇನ್ನೂ ಇದ್ದವು. ನೆಲ ಬಿಗಿಯಾಗಿ, ರಸ್ತೆಯ ಹಾಗೆ ನುಣ್ಣಗಿತ್ತು. ಒಂದು ಮೂಲೆ ಮಾತ್ರ ಬಂಡಿ ಗಾಲಿಯಷ್ಟು ಅಗಲಕ್ಕೆ, ದುಂಡಗೆ, ತಾಟಿನಂತೆ ಕುಸಿದಿತ್ತು.

"ಮೊಮ್ಮಗಳ ಮದವಿರೀ, ಉಮಾಶ್ರೀದು. ಫೆಬ್ರವರಿ ಹದಿನಾರಕ್ಕ ಆತು. ಅಲ್ಲೆ ಕೈ ತೊಳಿಯಾಕ ನೀರಿಟ್ಟಿದ್ವಿ" ಎಂದರು ಗುರುಸಂಗಪ್ಪ. ಹಿತ್ತಲ ಮೂಲೆಯಿಂದಲೇ ಕೂಗಿ ಹೇಳಿದರು. ಅಂಗಳಕ್ಕೆ ಕಾಲಿಡಲಿಲ್ಲ.

ನೆಲ ಗಟ್ಟಿ ಮಾಡಿದ್ದು ರಸ್ತೆ ಕೆಲಸದ ರೋಲರ್. ಅದು ಅಸೂಟಿ ಹಾದಿಯಲ್ಲಿ ಗರಸು ಮಣ್ಣಿನ ಮೇಲೆ ಆಮೆಯ ನಡಿಗೆಯಲ್ಲಿ ಹಿಂದೆ ಮುಂದೆ ಓಡಾಡುತ್ತಿತ್ತು.

"ಕಳ್ಳ ಇದನ್ನ ಕದ್ದಾ ಅನ್ರಿ, ನಾವು ಊಟಾ ಮಾಡಿ, ಎಲಿ ಹಾಕ್ಕೊಂಡು, ನಡಕೋತ ಹೋಗಿ ಹಿಡೀಬಹುದ್ರಿ" ಎಂದ ಜಂಗ್ಲಿಸಾಬ.

"ಹಿಡದ ಮ್ಯಾಲ ಠಾಣೆಕ ತರೋದರಾಗ ನಿಮ್ಮ ಪಿಂಚಣಿ ಚಾಲೂ ಆಗಿರ್ತೈತಿ ಹವಾಲ್ದಾರ್ರ" ಎಂದು ಮೇಲಿಂದಲೇ ಉತ್ತರ ಬಂತು. ಆಪರೇಟರ್ ಯಮನೂರಸಾಬ, ನರಗುಂದದವನು, ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಪೊಲೀಸರು ಬಂದ ಕಾರಣ ಕೇಳಿ ಎಂಜಿನ್ ಬಂದ್ ಮಾಡಿ ಇಳಿದ.

"ಗುರುಸಂಗಪ್ಪನವರ ಅಂಗಳಕ್ಕ ರೋಲರ್ ಹೊಡದಾಂವ ನೀನ?"

"ಹೌದ್ರಿ. ಫೆಬ್ರವರಿ ಹನ್ನೊಂದು, ಮಧ್ಯಾಹ್ನ ಮೂರಕ್ಕ. ಲಾಗ್ ಬುಕ್ಕಿನ್ಯಾಗ ಬರದೀನಿ, ಮೂವತ್ತೈದು ಮಿನೀಟು. ನಮ್ಮ ಮಂದಿಗೆ ಅವರು ದಿನಾ ಮಜ್ಜಗಿ ಕಳಸ್ತಿದ್ರು. ಇಲ್ಲ ಅನ್ನಾಕ ಮನಸ ಆಗಲಿಲ್ಲ."

"ಮೂಲ್ಯಾಗ ಏನಿತ್ತು?"

"ಹಳೇ ಹಗೇವುರೀ. ಜೋಳ ತುಂಬಿಡತಿದ್ರಲ್ಲ, ನೆಲದಾಗಿನ ಕಣಜ. ಬಾಯಿಗಲ್ಲು ಕಿತ್ತು ಅಗಲಾ ಮಾಡಿದ್ರು. ನಾ ಹೋಗೋದರಾಗ ಟ್ರ್ಯಾಕ್ಟರಿನವರು ಗರಸು ಸುರದು ಬಾಯಿ ಮಟಾ ತುಂಬಿದ್ರು."

"ಈಗದು ಕುಸದೈತಿ."

ಯಮನೂರಸಾಬನಿಗೆ ಆಶ್ಚರ್ಯವಾಗಲಿಲ್ಲ. "ಕುಸೀದ ಏನ ಮಾಡೀತ್ರಿ? ನೋಡ್ರಿಲ್ಲೆ, ರಸ್ತೆಗೆ ಎಂಟು ಇಂಚು ಗರಸು ಹರವತೀವಿ, ನೀರ ಹೊಡೀತೀವಿ, ವೈಬ್ರೇಟರ್ ಹಚ್ಚಿ ತುಳೀತೀವಿ. ಆಮ್ಯಾಲ ಮತ್ತ ಎಂಟು ಇಂಚು. ಹನ್ನೆರಡು ಅಡಿ ತೆಗ್ಗನ್ನ ಒಮ್ಮಿಗೇ ತುಂಬಿ ನೆತ್ತಿ ತುಳದ್ರ ನೆತ್ತಿ ಒಂದ ಗಟ್ಟಿ. ಕೆಳಗಿನ ಮಣ್ಣಿಗೆ ಮ್ಯಾಲ ರೋಲರ್ ಬಂದದ್ದ ಗೊತ್ತಾಗಂಗಿಲ್ಲ."

"ಇದನ್ನ ಅವರಿಗೆ ಹೇಳಿದ್ಯಾ?"

"ಹೇಳಿದ್ನಲ್ರಿ. ಅರ್ಧಾ ಮಣ್ಣ ತಗಸ್ರಿ, ಒಬ್ಬನ್ನ ಒಳಗ ಇಳಸ್ರಿ, ದಮ್ಮಸು ಬಡದು ತರ ತರಾ ತುಂಬೂಣು ಅಂದೆ. ಇಳಸ್ರಿ ಅಂದದ್ದ ತಡ, ಅವರ ಮುಖ ಬೂದಿ ಆತು. ಬ್ಯಾಡ, ಮ್ಯಾಲಷ್ಟ ಹೊಡಿ ಅಂದ್ರು. ವೈಬ್ರೇಟರೂ ಹಚ್ಚಬ್ಯಾಡ ಅಂದ್ರು."

"ಯಾಕಂತ?"

"ಮನಿ ಹಳೇದೈತಿ, ಅದರತೈತಿ ಅಂದ್ರು. ನಾನೂ ಖರೇ ಅಂತ ತಿಳಕೊಂಡೆ." ಅವನು ರೋಲರಿನ ಉಕ್ಕಿನ ಉರುಳೆಯ ಮೇಲೆ ಕೈಯಿಟ್ಟ. "ಯಾಕ್ರಿ ಮೇಡಮ್ಮಾರ? ಏನಾಗೈತಿ?"

ಮಹೇಶ್ವರಿ ಮರುದಿನ ಹಾರೆ ತೆಗೆದುಕೊಂಡು ಬರಲು ಹೇಳಿದಳು.

ಮಾರ್ಚ್ 6, ಬೆಳಿಗ್ಗೆ ಒಂಬತ್ತು. ಇಬ್ಬರು ಪಂಚರ ಎದುರು ಯಮನೂರಸಾಬ ಅಂಗಳದ ನಡುವೆ ಹಾರೆ ಹಾಕಿದ. ನಾಲ್ಕು ಪೆಟ್ಟಿಗೆ ಮೂರು ಬೆರಳು ಇಳಿಯಿತು. ಕುಸಿದ ದುಂಡಿನಲ್ಲಿ ಹಾಕಿದ. ಮೊದಲ ಎಂಟು ಇಂಚು ತಡೆಯಿತು. ಆಮೇಲೆ ಹಾರೆ ಕೈ ಜಾರಿದಂತೆ ಸರ್ರನೆ ಒಳಗೆ ಹೋಯಿತು. ಎಳೆದು ತೆಗೆದಾಗ ಆ ತೂತಿನಿಂದ ಮೇಲೆದ್ದ ವಾಸನೆಗೆ ಅವನು ಟೊಪ್ಪಿಗೆ ತೆಗೆದು ಹಿಂದೆ ಸರಿದ. ಮುಚ್ಚಿದ ತಲಬಾಗಿಲ ಒಳಗಡೆ ಯಾರೋ ಕುಸಿದು ಕೂತ ಸಪ್ಪಳ ಕೇಳಿತು.

ಆ ರಾತ್ರಿಗೆ ಅಂಗಳದಲ್ಲಿ ಪಹರೆ ಬಿತ್ತು. ಮರುದಿನ, 7ನೇ ತಾರೀಖು ಶುಕ್ರವಾರ, ತಹಶೀಲ್ದಾರರ ಸಮಕ್ಷಮ ಹಗೇವು ಅಗೆದರು. ಜೆಸಿಬಿ ಬೇಡ, ಸಲಿಕೆಯಿಂದಲೇ ಆಗಲಿ ಎಂದಳು ಮಹೇಶ್ವರಿ. ಯಾರೂ ಕರೆಯದಿದ್ದರೂ ಯಮನೂರಸಾಬ ತನ್ನ ರೋಲರು ನಿಲ್ಲಿಸಿ ಬಂದು ಸಲಿಕೆ ಹಿಡಿದ. ಹತ್ತಡಿಗೆ ಮಣ್ಣು ಮುಗಿದು ಜೋಳದ ಕಣಿಕಿಯ, ಅಂದರೆ ಒಣದಂಟಿನ, ಸಿವುಡುಗಳು ಬಂದವು, ಒಂದರ ಪಕ್ಕ ಒಂದು, ಜೋಡಿಸಿಟ್ಟ ಹಾಗೆ. ಅವುಗಳ ಕೆಳಗೆ ಮಾಳಿಂಗರಾಯ ಮಗ್ಗುಲಾಗಿ ಮಲಗಿದ್ದ. ಹತ್ತಿರದಲ್ಲಿ ಬಾವಿ ಹಗ್ಗ, ಕಸಬರಿಗೆ, ಮೊಬೈಲು, ಒಂದು ಚಾರ್ಜಿಂಗ್ ಲೈಟು. ಯಮನೂರಸಾಬ ತನ್ನ ಹೆಗಲ ಮೇಲಿನ ಮಡಿ ಟವೆಲು ಬಿಚ್ಚಿ ಶವದ ಮುಖಕ್ಕೆ ಹೊದಿಸಿದ. ಮಧ್ಯಾಹ್ನ 1.20ಕ್ಕೆ ಶವ ಪಂಚನಾಮೆ ಮುಗಿಯಿತು.

ಗುರುಸಂಗಪ್ಪನವರನ್ನು ಹಿತ್ತಲಲ್ಲಿ ಕೂರಿಸಿ ಮಹೇಶ್ವರಿ ಎದುರು ಕೂತಳು.

"ಹಗೇವು ಯಾಕ ತಗಸಿದ್ರಿ?"

"ಮದವಿಗೆ ಟ್ರ್ಯಾಕ್ಟರು, ಟೆಂಪೋ ಬರೂವು. ಭಾರಕ್ಕ ಒಡದೀತು ಅಂತ ತುಂಬಿಸಾಕ ಹಚ್ಚಿದೆ. ತಳದಾಗ ಹಳೇ ಜೋಳ ಕೊಳತು ಬಿದ್ದಿತ್ತು. ಬಳದು ತಗದು ತುಂಬೂಣು ಅಂದೆ. ಮಾಳಿಂಗರಾಯ ಇಳದ."

"ಹಗೇವಿನ್ಯಾಗ ಗಾಳಿ ಕೆಟ್ಟಿರ್ತೈತಿ ಅಂತ ಗೊತ್ತಿರಲಿಲ್ಲೇನು?"

"ಗೊತ್ತಿಲ್ದ ಏನ್ರಿ? ನಮ್ಮಪ್ಪನ ಕಾಲದಿಂದ ಪದ್ಧತಿ ಐತಿ. ಮೊದಲ ದೀಪಾ ಇಳಸಬೇಕು. ದೀಪಾ ಆರಿದ್ರ ಮನಶಾ ಇಳೀಬಾರದು. ನಾನೂ ಇಳಿಸಿದೆ. ಆರಲಿಲ್ಲ."

"ಯಾವ ದೀಪಾ?"

ಮುದುಕರು ಪಂಚನಾಮೆ ಮಾಡಿ ಕಟ್ಟಿಟ್ಟಿದ್ದ ಸಾಮಾನುಗಳ ಕಡೆ ನೋಡಿದರು. "ಆ ಚಾರ್ಜಿಂಗ್ ಲೈಟ್ರಿ."

ಜಂಗ್ಲಿಸಾಬ ಬರೆಯುವುದನ್ನು ನಿಲ್ಲಿಸಿದ. ಕಂದೀಲಿನ ಬತ್ತಿ ಉರಿಯಲು ಗಾಳಿ ಬೇಕು. ಬ್ಯಾಟರಿಯ ದೀಪಕ್ಕೆ ಏನೂ ಬೇಡ. ಅದು ಉಸಿರು ಕಟ್ಟುವ ಗಾಳಿಯಲ್ಲೂ ಬೆಳಗುತ್ತದೆ.

"ಆಮ್ಯಾಲ ಹೊಳೀತ್ರಿ ನನಗ" ಎಂದರು ಗುರುಸಂಗಪ್ಪ. "ಅಂವಾ ಬಿದ್ದ ಮ್ಯಾಲ. ಲೈಟು ಅಂವನ ಮಗ್ಗಲಕ ಹಂಗ ಉರೀತಿತ್ತು."

"ಮಂದೀನ ಯಾಕ ಕರೀಲಿಲ್ಲ?"

"ಉಮಾಶ್ರೀಗೆ ಹಿಂದ ಒಂದು ಸಂಬಂಧ ಕೂಡಿತ್ತು. ನಿಶ್ಚಯದ ವಾರದಾಗ ನನ್ನ ಹೆಂಡತಿ ಶೇಖವ್ವ ತೀರಿಕೊಂಡ್ಳು. ಹುಡಿಗಿ ಕಾಲ್ಗುಣ ಅಂದ್ರು, ಬಿಟ್ರು. ಮೂರು ವರ್ಷ ಆಕಿ ಯಾರ ಮದವಿಗೂ ಹೋಗಲಿಲ್ಲ, ಮನಿ ಬಿಟ್ಟು ಹೊರಗ ಬರಲಿಲ್ಲ. ಈಗ ಗಜೇಂದ್ರಗಡದವರು ಒಪ್ಪಿದ್ರು. ಐದು ದಿನ ಉಳದಿತ್ತು. ಅಂಗಳದಾಗ ಹೆಣಾ ಎತ್ತಿದ್ರ ಆಕಿ ಗತಿ ಏನು? ಮದವಿ ಮುಗೀಲಿ, ಹೇಳಿಬಿಡತೀನಿ ಅಂದಕೊಂಡೆ. ತೆಗ್ಗಿನ ಬಾಯಾಗ ಕೂತೆ. ಹನ್ನೆರಡಕ್ಕ ಟ್ರ್ಯಾಕ್ಟರ್ ಬಂತು. ಸುರೀಲೇನ್ರಿ ಅಂತ ಡ್ರೈವರ್ ಕೇಳಿದ. ಹೂಂ ಅಂದೆ. ಅಷ್ಟ."

"ಕಣಿಕಿ ಯಾರು ಹಾಕಿದ್ರು?"

"ನಾನ ಹಾಕಿದೆ, ಟ್ರ್ಯಾಕ್ಟರ್ ಬರೂದಕ್ಕಿಂತ ಮೊದಲ. ಮಣ್ಣು ನೆಟ್ಟಗ ಮೈಮ್ಯಾಲ ಬೀಳಬಾರದು ಅಂತ."

ಕಣ್ಣಿಗೆ ಬೀಳಬಾರದೆಂದೂ ಇರಬಹುದು. ಮಹೇಶ್ವರಿ ಅದನ್ನು ಕೇಳಲಿಲ್ಲ. ಅವರು ಹೇಳಿದಷ್ಟನ್ನೇ ಬರೆಸಿಕೊಂಡಳು. ಮದುವೆ ಮುಗಿದ ಮರುದಿನವೂ ಅವರಿಗೆ ಹೇಳಲಾಗಲಿಲ್ಲ, ಅದರ ಮರುದಿನವೂ ಆಗಲಿಲ್ಲ. ತಲಬಾಗಿಲಿಗೆ ಅಗಳಿ ಹಾಕಿದರು. ಹಿತ್ತಲಿಂದ ಹೋಗುವುದು, ಹಿತ್ತಲಿಂದ ಬರುವುದು. ಅಂಗಡಿಗೆ ಹೋಗುವುದೂ ನಿಂತಿತು. ಮೊಮ್ಮಗಳನ್ನು ಮನೆಯಿಂದ ಹೊರಗೆ ಕಳಿಸಿ, ಆಕೆ ಕೂತಿದ್ದ ಜಾಗದಲ್ಲಿ ತಾವು ಕೂತಿದ್ದರು.

ಸಂಜೆ 4.10ಕ್ಕೆ ದಸ್ತಗಿರಿ. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ನಾಶ. ಭಾರತೀಯ ನ್ಯಾಯ ಸಂಹಿತೆಯ ಕಲಂ 106 ಮತ್ತು 238. ಜೀಪು ಹತ್ತುವಾಗ ಮುದುಕರ ಕಾಲು ಮೇಲೇಳಲಿಲ್ಲ. ಜಂಗ್ಲಿಸಾಬ ಒಂದು ಕಲ್ಲು ತಂದು ಕಾಲ ಕೆಳಗೆ ಇಟ್ಟ.

ಮಾರ್ಚ್ 12ರಂದು ಮರಣೋತ್ತರ ಪರೀಕ್ಷೆಯ ವರದಿ ಬಂತು. ಅದನ್ನು ಫೋನಿನಲ್ಲಿ ಹೇಳುವ ಬದಲು ಮಹೇಶ್ವರಿ ತಾನೇ ಬೆಳವಣಕಿಗೆ ಹೋದಳು. ರೇಣವ್ವ ಒಲೆಯ ಮುಂದೆ ಕೂತಿದ್ದಳು, ಒಲೆ ಹೊತ್ತಿರಲಿಲ್ಲ. ಅರ್ಧ ಖಾಲಿಯಾಗಿದ್ದ ಸಾವ್ಕಾರರ ಜೋಳದ ಚೀಲವನ್ನು ಬಾಯಿ ಕಟ್ಟಿ ಹೊರಗೆ ಓಣಿಯಲ್ಲಿ ಇಟ್ಟಿದ್ದಳು.

"ಒಂದ ಕೇಳತೀನ್ರಿ" ಎಂದಳು ರೇಣವ್ವ. "ಮದವಿಗೆ ರೊಟ್ಟಿ ಬಡಿಯಾಕ ನನ್ನೂ ಕರದಿದ್ರು. ಮೂರು ದಿನ ಆ ಅಂಗಳದಾಗ ಕೂತು ಬಡದೀನ್ರಿ, ಹದಿನೈದು ಮಂದಿ ಹೆಣ್ಮಕ್ಕಳು. ಪಟಪಟ ಪಟಪಟ, ಒಬ್ಬರ ಮಾತು ಒಬ್ಬರಿಗೆ ಕೇಳಸ್ತಿರಲಿಲ್ಲ." ಆಕೆಯ ಅಂಗೈ ಎರಡೂ ಮಡಿಲಲ್ಲಿ ಮಗುಚಿ ಬಿದ್ದಿದ್ದವು. "ಅಂವಾ ಕೆಳಗ ಜೀವಂತ ಇದ್ನೇನ್ರಿ? ನನ್ನ ಕರದನೇನ್ರಿ?"

ಮಹೇಶ್ವರಿ ನೆಲದ ಮೇಲೆ ಆಕೆಯ ಸಮಕ್ಕೆ ಕೂತು ವರದಿ ಬಿಡಿಸಿದಳು. ಶ್ವಾಸನಾಳದಲ್ಲಿ ಮಣ್ಣಿನ ಕಣಗಳಿಲ್ಲ ಎಂಬ ಸಾಲಿನ ಕೆಳಗೆ ಬೆರಳಿಟ್ಟಳು.

"ಇಲ್ಲ ರೇಣವ್ವ. ಡಾಕ್ಟರ್ ಬರದಾರ. ಅಂವನ ಗಂಟಲದಾಗ ಒಂದ ಹಳಕು ಮಣ್ಣ ಸೈತ ಇಲ್ಲ. ಮಣ್ಣ ಬೀಳೂ ಹೊತ್ತಿಗೆ ಅಂವನ ಉಸರ ಇರಲಿಲ್ಲ. ಕೆಟ್ಟ ಗಾಳಿಗೆ ಎಚ್ಚರ ತಪ್ಪೂದು ಒಂದೆರಡು ಮಿನೀಟಿನ ಮಾತಂತ. ಅಂವಾ ಯಾರನ್ನೂ ಕರದಿಲ್ಲ."

ರೇಣವ್ವ ಆ ಸಾಲನ್ನೇ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಇನ್ನೊಂದ ಸಲ ಹೇಳ್ರಿ."

ಮಹೇಶ್ವರಿ ಇನ್ನೊಂದು ಸಲ ಹೇಳಿದಳು.