ಗೇಣುಹಳಿಯ ಉಗಿಬಂಡಿ

ಬಹಳ ಹಿಂದೆ, ಈಗಿನ ಯಾವ ದಾರಿಯೂ ತಲುಪದ ಒಂದು ಕಡೆ, ಹಂಸಗಿರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ದೊರೆ ಅಮೃತವರ್ಮ. ಅವನಿಗೆ ಒಬ್ಬಳೇ ಮಗಳು, ಎಂಟು ವರ್ಷದ ಚಂಪಕೆ. ತಾಯಿಯಿಲ್ಲದ ಮಗು. ಅವಳು ನಕ್ಕ ದಿನ ದೊರೆ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ, ಅವಳು ಮುನಿದ ದಿನ ಉಪವಾಸ.

ಆ ಊರಿನಲ್ಲಿ ಕಾಳೋಜ ಎಂಬ ಕಮ್ಮಾರನಿದ್ದ. ಅವನ ಕೈಗೆ ಸಿಕ್ಕ ಕಬ್ಬಿಣ ಅವನು ಹೇಳಿದಂತೆ ಕೇಳುತ್ತಿತ್ತು. ಚಂಪಕೆಗಾಗಿ ಅವನು ಅರಮನೆಯ ತೋಟದಲ್ಲಿ ಒಂದು ಪುಟ್ಟ ಉಗಿಬಂಡಿ ಮಾಡಿದ. ಹಳಿಗಳ ನಡುವೆ ಒಂದೇ ಗೇಣು ಅಗಲ. ಎಂಜಿನ್ ಮೊಣಕಾಲೆತ್ತರ. ಅದರ ಹೊಟ್ಟೆಯಡಿ ಒಂದು ಎಣ್ಣೆದೀಪ. ದೀಪದ ಉರಿಗೆ ನೀರು ಕುದಿಯಬೇಕು, ನೀರು ಕುದಿದರೆ ಚಕ್ರ ತಿರುಗಬೇಕು. ಎಂಜಿನ್ನಿನ ಹಿಂದೆ ಸುತ್ತಲೂ ಗಾಜಿನ ಕಿಟಕಿಗಳಿದ್ದ ಕೆಂಪು ಬೋಗಿ, ಅದರ ಹಿಂದೆ ಮೇಲ್ಛಾವಣಿಯಿಲ್ಲದ ತೆರೆದ ಬೋಗಿ. ಬಂಡಿ ಮಲ್ಲಿಗೆ ದಿಬ್ಬ ಏರಿ, ದಾಳಿಂಬೆ ಗಿಡಗಳ ನಡುವೆ ಹೊರಳಿ, ತಾವರೆಕೊಳದ ಸೇತುವೆ ದಾಟಿ, ಹೊರಟ ಜಾಗಕ್ಕೇ ಮರಳಿ ಬರಬೇಕು.

ಆದರೆ ಮೊದಲ ದಿನ ಅದು ಒಂದು ಮಾರು ದೂರ ಹೋಯಿತೋ ಇಲ್ಲವೋ, ತೋಟದಲ್ಲಿ ಸುಳಿಗಾಳಿ ಎದ್ದಿತು. ಎಲ್ಲರೂ ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಬಂಡಿ ಇತ್ತು; ಪಕ್ಕದಲ್ಲಿ ನಡೆಯುತ್ತಿದ್ದ ಚಂಪಕೆ ಇರಲಿಲ್ಲ, ಕಾಳೋಜನೂ ಇರಲಿಲ್ಲ.

ಆಸ್ಥಾನದ ಮಂತ್ರವಾದಿ ಕುಂಡಲಾಕ್ಷ ಕೂಡಲೇ ಎದ್ದು ನಿಂತು ಹೇಳಿದ: "ಕಮ್ಮಾರ ಮಗುವನ್ನು ಕದ್ದುಕೊಂಡು ಹೋದ, ಪ್ರಭು. ನಾನು ಕಣ್ಣಾರೆ ಕಂಡೆ."

ಏಳು ತಿಂಗಳು ಹುಡುಕಿದರು. ಕಾಡು ಸೋಸಿದರು, ಹೊಳೆ ಸೋಸಿದರು. ಮಗು ಸಿಗಲಿಲ್ಲ. ಏಳು ತಿಂಗಳಾದ ಮೇಲೆ ಕುಂಡಲಾಕ್ಷ ಬಂದು ಹೇಳಿದ: "ಪ್ರಭು, ಆ ಬಂಡಿ ತೋಟದಲ್ಲಿ ಇರುವವರೆಗೆ ನಿಮಗೆ ಶಾಂತಿಯಿಲ್ಲ. ಇವತ್ತು ಸೂರ್ಯ ಮುಳುಗುವಾಗ ಅದನ್ನು ಕುಲುಮೆಗೆ ಹಾಕಿಸಿ. ನಾಳೆ ನನ್ನ ತಂಗಿಯ ಮಗನನ್ನು ದತ್ತು ತೆಗೆದುಕೊಳ್ಳಿ. ರಾಜ್ಯಕ್ಕೊಬ್ಬ ವಾರಸುದಾರ ಬೇಕಲ್ಲ?"

ಅತ್ತು ಅತ್ತು ಸೋತಿದ್ದ ದೊರೆ "ಆಗಲಿ" ಎಂದ.

ಕಾಳೋಜನಿಗೆ ಬಾಚೋಜ ಎಂಬ ಮಗನಿದ್ದ. ವಯಸ್ಸು ಇಪ್ಪತ್ತೆರಡು. ಅಪ್ಪ ಕಳ್ಳನೆನಿಸಿಕೊಂಡ ದಿನದಿಂದ ಊರಿನವರು ಅವನ ಜೊತೆ ಮಾತು ಬಿಟ್ಟಿದ್ದರು. ಆದರೂ ಅವನು ದಿನಾ ಬೆಳಿಗ್ಗೆ ತೋಟಕ್ಕೆ ಬಂದು ಹಳಿಯ ಮೇಲಿನ ಎಲೆ ಗುಡಿಸುತ್ತಿದ್ದ, ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಅಪ್ಪನದೆಂದು ಅವನಿಗೆ ಉಳಿದದ್ದು ಅದೊಂದೇ. ದೊರೆಯ ಅಪ್ಪಣೆ ಕಿವಿಗೆ ಬಿದ್ದದ್ದೇ ಅರಮನೆಗೆ ಹೋಗಿ ಕೈಮುಗಿದ.

"ಬುದ್ಧೀ, ಕರಗಿಸುವ ಮುಂಚೆ ಅದರದೊಂದು ಚಿತ್ರ ತೆಗೆಸಿಕೊಳ್ಳುತ್ತೇನೆ. ಅಷ್ಟಕ್ಕೆ ಅಪ್ಪಣೆ ಕೊಡಿ."

ದೊರೆ ಅವನ ಮುಖ ನೋಡದೆ ತಲೆಯಾಡಿಸಿದ.

ಊರೂರು ತಿರುಗಿ ಚಿತ್ರ ತೆಗೆಯುವ ರೇವಕ್ಕ ಎಂಬ ಹೆಂಗಸು ಆಗ ಹಂಸಗಿರಿಯಲ್ಲಿದ್ದಳು. ಅವಳ ಬಳಿ ಒಂದು ಚಿತ್ರಪೆಟ್ಟಿಗೆ, ಗಾಜಿನ ಹಲಗೆಗಳು, ಮತ್ತು ಹಲಗೆ ತೊಳೆದು ಚಿತ್ರ ಮೂಡಿಸಲು ಕಪ್ಪು ಬಟ್ಟೆಯ ಒಂದು ಗುಡಾರ. ಪೆಟ್ಟಿಗೆಯ ಮುಚ್ಚಳ ತೆಗೆದು ಎಂಟು ಎಣಿಸುವಷ್ಟು ಹೊತ್ತು ಎದುರಿಗಿದ್ದದ್ದು ಕದಲಬಾರದು. ಕದಲಿದರೆ ಚಿತ್ರವೆಲ್ಲ ಮಬ್ಬು.

ಬಾಚೋಜ ಬಂಡಿಯನ್ನು ಒರೆಸಿ, ದೀಪ ಹಚ್ಚಿ, ಉಗಿ ಏರಿಸಿ ನಿಲ್ಲಿಸಿದ. ರೇವಕ್ಕ ಪೆಟ್ಟಿಗೆಯ ಕಾಲು ಕಳಚಿ ಹುಲ್ಲಿನ ಮೇಲಿಟ್ಟು, ತಾನೂ ಹೊಟ್ಟೆ ಅಡಿ ಮಾಡಿ ಮಲಗಿದಳು.

"ಯಾಕಕ್ಕಾ ಹಾಗೆ ಮಲಗಿದಿರಿ?"

"ನಿಂತು ನೋಡಿದರೆ ಇದು ಆಟಿಕೆ ಕಣಪ್ಪ. ಹುಲ್ಲಿನ ಮಟ್ಟಕ್ಕೆ ಕಣ್ಣಿಟ್ಟು ನೋಡು, ನಿಜವಾದ ಬಂಡಿ."

ಎಂಟು ಎಣಿಸಿದಳು. ಹಲಗೆ ಹಿಡಿದು ಗುಡಾರದೊಳಗೆ ಹೋದಳು. ಹೊರಗೆ ಬಂದವಳು ಒಮ್ಮೆ ಹಲಗೆ, ಒಮ್ಮೆ ಬೋಗಿ ನೋಡಿದಳು.

"ಬಾಚೋಜಾ, ಕೆಂಪು ಬೋಗಿಯಲ್ಲಿ ಕೂತಿರುವವರು ಯಾರು?"

"ಅದರಲ್ಲಿ ಯಾರು ಕೂರುತ್ತಾರಕ್ಕ? ಬೆಕ್ಕೂ ಹಿಡಿಸುವುದಿಲ್ಲ."

ಅವಳು ಗಾಜನ್ನು ಅವನ ಕೈಗಿಟ್ಟಳು. ಅವನು ನೋಡಿದ. ಬೋಗಿಯ ಕಿಟಕಿಯಲ್ಲಿ ಹೆಬ್ಬೆರಳುದ್ದದ ಚಂಪಕೆ, ಪಕ್ಕದಲ್ಲಿ ಹೆಬ್ಬೆರಳುದ್ದದ ತನ್ನ ಅಪ್ಪ. ಉಗಿಗೆ ಮಂಜು ಕವಿದ ಕಿಟಕಿಯ ಮೇಲೆ ಕಾಳೋಜ ಬೆರಳಿನಿಂದ ಬರೆದಿದ್ದ: 'ಓಡಿಸು. ಮೂರು ಸುತ್ತು. ನಿಲ್ಲಿಸಬೇಡ. ಸುತ್ತಿಗೊಂದು ಚಿತ್ರ.'

ಬಾಚೋಜ ಓಡಿಹೋಗಿ ಬೋಗಿಯೊಳಗೆ ಇಣುಕಿದ. ಖಾಲಿ. ಮತ್ತೆ ಗಾಜು ನೋಡಿದ. ಅಪ್ಪ ಇದ್ದ.

"ಇದು ಕಣ್ಕಟ್ಟು," ಎಂದಳು ರೇವಕ್ಕ. "ಮಂತ್ರ ಹಾಕಿರುವುದು ನಮ್ಮ ಕಣ್ಣಿಗೆ. ಗಾಜಿಗೆ ಯಾರು ಮಂತ್ರ ಹಾಕುತ್ತಾರೆ? ಒಳಗಿರುವ ನಿಮ್ಮಪ್ಪನಿಗೆ ಅದನ್ನು ಬಿಚ್ಚುವ ಗುಟ್ಟು ಸಿಕ್ಕಿರಬೇಕು: ಮೂರು ಸುತ್ತು, ಮೂರು ಚಿತ್ರ."

ಇಬ್ಬರೂ ದೊರೆಯ ಬಳಿ ಓಡಿದರು. ದೊರೆ ಗಾಜನ್ನು ಬೆಳಕಿಗೆ ಹಿಡಿದ. ಕುಂಡಲಾಕ್ಷ ಇಣುಕಿ ನೋಡಿ ನಕ್ಕ. "ಬಣ್ಣ ಬಳಿದಿದ್ದಾಳೆ, ಪ್ರಭು. ಕಳ್ಳನ ಮಗ ಹೇಳಿ ಮಾಡಿಸಿದ್ದು."

ದೊರೆ ಗಾಜನ್ನು ಮತ್ತೊಮ್ಮೆ ನೋಡಿದ. ಆಮೇಲೆ ಹೇಳಿದ: "ಸೂರ್ಯ ಮುಳುಗುವವರೆಗೆ ಹೊತ್ತಿದೆ. ಓಡಿಸಪ್ಪ. ನಿಮ್ಮ ಮಾತು ಸುಳ್ಳಾದರೆ ಬಂಡಿ ಕುಲುಮೆಗೆ, ನೀವಿಬ್ಬರೂ ಗಡಿಯಾಚೆಗೆ."

ಕುಂಡಲಾಕ್ಷ ತೋಟಕ್ಕೆ ಹೋಗಿ ಕೊಳದ ದಂಡೆಯಲ್ಲಿ ನಿಂತು ತುಟಿ ಅಲ್ಲಾಡಿಸತೊಡಗಿದ.

ಬಂಡಿ ಹೊರಟಿತು. ಮೊದಲ ಸುತ್ತು. ಮಲ್ಲಿಗೆ ದಿಬ್ಬದ ಬುಡಕ್ಕೆ ಬಂದಿತ್ತಷ್ಟೇ, ಪಾತಿಯೊಳಗಿಂದ ಬಸವನಹುಳುಗಳು ಹೊರಬಂದವು. ಒಂದಲ್ಲ, ಹತ್ತಲ್ಲ, ಸಾವಿರ. ಬೆಳ್ಳಿಯ ಬಣ್ಣದ ಮೈ, ಕೆಂಡದಂಥ ಕಣ್ಣು. ಹಳಿಯ ಉದ್ದಕ್ಕೂ ಹರಿದು ಅಂಟು ಲೋಳೆ ಬಳಿದು ಮಾಯವಾದವು. ಎಂಜಿನ್ ಏರಲಾರದೆ ಜಾರಿತು. ಚಕ್ರ ಗಿರಗಿರ ತಿರುಗುತ್ತಿದೆ, ಬಂಡಿ ಇದ್ದಲ್ಲೇ ಇದೆ.

ಬಾಚೋಜ ಕೊಳದ ದಂಡೆಯಿಂದ ಒಣಮರಳು ಬಾಚಿ ತಂದ. ಮರಳು ಬಿದ್ದರೆ ಚಕ್ರ ಕಚ್ಚಿ ಹಿಡಿಯುತ್ತದೆಂದು ಅವನಿಗೆ ಗೊತ್ತಿತ್ತು. ಇನ್ನೇನು ಚೆಲ್ಲಬೇಕು, ರೇವಕ್ಕ ಕೂಗಿದಳು.

"ತಡಿ! ಹಾಕಬೇಡ!"

"ಜಾರುತ್ತಿದೆಯಲ್ಲಕ್ಕಾ!"

"ಜಾರಲಿ! ಚಕ್ರ ತಿರುಗುತ್ತಿದೆ, ಆದರೆ ಬೋಗಿ ಕದಲುತ್ತಿಲ್ಲ. ನನಗೆ ಬೇಕಾದದ್ದೂ ಅದೇ!" ಎಂದವಳೇ ಹುಲ್ಲಿನ ಮೇಲೆ ಬಿದ್ದು ಮುಚ್ಚಳ ತೆಗೆದಳು. ಒಂದು, ಎರಡು, ಮೂರು... ಎಂಟು. "ಈಗ ಹಾಕು!"

ಮರಳು ಬಿತ್ತು. ಚಕ್ರ ಕಚ್ಚಿತು. ಬಂಡಿ ಏದುಸಿರು ಬಿಡುತ್ತ ದಿಬ್ಬ ಏರಿತು. ಕೊಳದ ದಂಡೆಯಲ್ಲಿದ್ದ ಕುಂಡಲಾಕ್ಷನ ತುಟಿ ಒಂದು ಕ್ಷಣ ನಿಂತಿತು.

ಎರಡನೇ ಸುತ್ತು. ಈಗ ದಿಬ್ಬದ ಹಳಿಗೆ ಮರಳು ಬಿದ್ದಿದೆ; ಬಂಡಿ ಎಲ್ಲೂ ಜಾರುವುದಿಲ್ಲ, ಎಲ್ಲೂ ನಿಲ್ಲುವುದಿಲ್ಲ. ಓಡುವ ಬಂಡಿಯ ಚಿತ್ರ ತೆಗೆಯುವುದು ಹೇಗೆ? ರೇವಕ್ಕ ಪೆಟ್ಟಿಗೆ ಹೊತ್ತು ಅದರ ಜೊತೆ ನಾಲ್ಕು ಹೆಜ್ಜೆ ಓಡಿದಳು, ಉಬ್ಬಸ ಬಂದು ನಿಂತಳು, ತೆರೆದ ಬೋಗಿಯನ್ನು ನೋಡಿದಳು.

"ಬಾಚೋಜಾ, ಬಂಡಿಗೆ ಹೊಂದಿಕೊಂಡು ನಾನು ಓಡಲಾರೆ. ಪೆಟ್ಟಿಗೆಯೇ ಬಂಡಿ ಹತ್ತಲಿ!"

ಮತ್ತೆ ಓಡಿ, ಬಗ್ಗಿ, ಪೆಟ್ಟಿಗೆಯನ್ನು ತೆರೆದ ಬೋಗಿಯ ಮೇಲಿಟ್ಟು, ಅದರ ಕಣ್ಣನ್ನು ಕೆಂಪು ಬೋಗಿಯ ಹಿಂಬದಿ ಕಿಟಕಿಗೆ ತಿರುಗಿಸಿದಳು. ಬಂಡಿ ಎಷ್ಟೇ ಓಡಲಿ, ಪೆಟ್ಟಿಗೆಗೂ ಕಿಟಕಿಗೂ ನಡುವಿನ ಅಂತರ ಅಷ್ಟೇ. ಗಿಡಮರಗಳೆಲ್ಲ ಮಬ್ಬಾದರೆ ಆಗಲಿ. ಮುಚ್ಚಳ ತೆಗೆದಳು.

ಅಷ್ಟರಲ್ಲಿ ದಾಳಿಂಬೆ ಗಿಡಗಳ ನಡುವಿನಿಂದ ಒಂದು ನವಿಲು ಬಂತು. ಆನೆಯಷ್ಟು ಎತ್ತರ, ಗರಿಯೆಲ್ಲ ಕಬ್ಬಿಣ. ಅದು ಗರಿ ಬಿಚ್ಚಿ ಕುಣಿಯತೊಡಗಿದ್ದೇ ತೋಟದಲ್ಲಿ ಬಿರುಗಾಳಿ ಎದ್ದಿತು. ಎಂಜಿನ್ನಿನಡಿಯ ದೀಪ ಬಾಗಿತು, ನೀಲಿಯಾಯಿತು, ಕಡಲೆಕಾಳಿನಷ್ಟಾಯಿತು; ಬಂಡಿಯ ಓಟ ತಗ್ಗಿತು. ಬಾಚೋಜ ಮೊಣಕಾಲೂರಿ, ಎರಡೂ ಅಂಗೈಯನ್ನು ದೀಪಕ್ಕೆ ಮರೆ ಮಾಡಿ, ಬಂಡಿಯ ಪಕ್ಕದಲ್ಲೇ ತೆವಳಿದ. ದೀಪ ಉಳಿದುಕೊಂಡಿತು. ಅಂಗೈ ಸುಟ್ಟಿತು. ಅವನು ಕೈ ತೆಗೆಯಲಿಲ್ಲ.

"ಬೇಗ ಎಣಿಸಕ್ಕಾ!"

"ಬೇಗ ಎಣಿಸಿದರೆ ಚಿತ್ರ ಬರುವುದಿಲ್ಲಪ್ಪ! ನಾಲ್ಕು... ಐದು... ತಡಕೊ... ಆರು..."

ಎಂಟು ಆಯಿತು. ರೇವಕ್ಕ ಮುಚ್ಚಳ ಹಾಕಿ, ಪೆಟ್ಟಿಗೆಗೆ ಹೊಸ ಹಲಗೆ ತೂರಿಸಿದಳು. ನವಿಲು ತನ್ನ ಗರಿಯ ಭಾರಕ್ಕೆ ತಾನೇ ಆಯ ತಪ್ಪಿ ಕೊಳಕ್ಕೆ ಉರುಳಿ, ತುಕ್ಕಾಗಿ ಕರಗಿಹೋಯಿತು.

ಈಗ ಕುಂಡಲಾಕ್ಷನಿಗೆ ಹೆದರಿಕೆ ಹುಟ್ಟಿತು. ಎಲ್ಲರೂ ನೋಡುತ್ತಿದ್ದಾರೆ ಎಂಬುದನ್ನೂ ಮರೆತ. ಕೈ ಮೇಲೆತ್ತಿದ, ಕಾಲಿನಿಂದ ಕರಗತೊಡಗಿ, ಕರಿಹೊಗೆಯಾಗಿ ಏರಿದ. ಹೊಗೆ ತೋಟದ ಮೇಲೆ ಕಂಬಳಿಯಂತೆ ಹಾಸಿಕೊಂಡಿತು. ಬಂಡಿ ಮೂರನೇ ಸುತ್ತಿಗೆ ಕಾಲಿಟ್ಟಾಗ ಎದುರಿನ ಹಳಿಯೂ ಕಾಣುತ್ತಿರಲಿಲ್ಲ.

"ಬೆಳಕಿಲ್ಲ!" ರೇವಕ್ಕ ಕೂಗಿದಳು. "ಬೆಳಕಿಲ್ಲದೆ ಹಲಗೆಗೆ ಏನೂ ಹತ್ತುವುದಿಲ್ಲ!"

ಅಮೃತವರ್ಮ ಇದನ್ನೆಲ್ಲ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ. ಹೊಗೆಯಾದವನು ಯಾರೆಂದು ಕಣ್ಣಾರೆ ಕಂಡಿದ್ದ. ಏಳು ತಿಂಗಳು ತಾನು ಯಾರ ಮಾತು ಕೇಳಿದೆ ಎಂದು ಅವನಿಗೆ ಆಗ ಹೊಳೆಯಿತು. ದೊರೆ ತಲೆಯೆತ್ತಿ ನೋಡಿದ. ಹೊಗೆ ತೋಟದ ಮೇಲೆ ಮಾತ್ರವಿತ್ತು. ಕೋಟೆಗೋಡೆಯ ನೆತ್ತಿಯಲ್ಲಿ ಸಂಜೆಬಿಸಿಲು ಇನ್ನೂ ಹೊಳೆಯುತ್ತಿತ್ತು.

"ಕನ್ನಡಿ ತನ್ನಿ!" ಎಂದು ಕೂಗಿದ. "ಕನ್ನಡಿ, ಹಿತ್ತಾಳೆ ತಟ್ಟೆ, ಹೊಳೆಯುವ ಏನಿದ್ದರೂ ತನ್ನಿ! ಗೋಡೆ ಹತ್ತಿ!"

ಅಡುಗೆಯವರು ತಟ್ಟೆ ತಂದರು. ದಾಸಿಯರು ಕನ್ನಡಿ ತಂದರು. ಕಾವಲಿನವರು ಗುರಾಣಿ ತಂದರು. ದೊರೆ ಚಂಪಕೆಯ ಕೋಣೆಯ ನಿಲುಗನ್ನಡಿಯನ್ನು ಒಬ್ಬನೇ ಹೊತ್ತು ಗೋಡೆ ಹತ್ತಿದ. ಒಂದೊಂದು ಬೆಳಕೂ ಹೊಗೆಯಲ್ಲಿ ಸೋತುಹೋಗುತ್ತಿತ್ತು. ಅರವತ್ತು ಬೆಳಕು ಒಂದೇ ಕಡೆ ಬಿದ್ದಾಗ ಹೊಗೆ ಹರಿದು, ಕೆಂಪು ಬೋಗಿ ಹೊಳೆಯಿತು. ಬಂಡಿ ಮುಂದೆ ಹೋಯಿತು, ಬೆಳಕೂ ಅದರ ಜೊತೆ ಹೋಯಿತು.

"ಮಂದ ಬೆಳಕು! ಎಂಟು ಸಾಲದು, ನಲವತ್ತು ಬೇಕು!" ಎಂದು ರೇವಕ್ಕ ಮುಚ್ಚಳ ತೆಗೆದಳು. ಗೋಡೆಯ ಮೇಲಿದ್ದವರೆಲ್ಲ ಅವಳ ಜೊತೆ ಎಣಿಸಿದರು. ಹತ್ತು. ಇಪ್ಪತ್ತು. ದೊರೆಯ ಕನ್ನಡಿ ಬೋಗಿಯನ್ನು ಬಿಡಲಿಲ್ಲ. ಮೂವತ್ತು. ಬಂಡಿ ಸೇತುವೆಗೆ ಬಂತು. ನಲವತ್ತು.

ಸೂರ್ಯ ಮುಳುಗಿದ.

ಬೋಗಿಯ ಬಾಗಿಲು ತೆರೆಯಲಿಲ್ಲ. ಏನೂ ಆಗಲಿಲ್ಲ. ಹೊಗೆಯೊಳಗಿಂದ ನಗು ಕೇಳಿತು: "ಹೊತ್ತು ಮೀರಿತು, ಪ್ರಭು. ಕುಲುಮೆಗೆ ಹಾಕಿಸಿ."

"ಬಾಯಿ ಮುಚ್ಚು," ಎಂದ ದೊರೆ.

ಬಾಚೋಜ ಬಂಡಿ ನಿಲ್ಲಿಸಲಿಲ್ಲ. ನಿಲ್ಲಿಸಲು ಧೈರ್ಯ ಬರಲಿಲ್ಲ. ರೇವಕ್ಕ ಗುಡಾರದೊಳಗೆ ಮೂರು ಹಲಗೆಗಳನ್ನೂ ತೊಳೆಯುತ್ತಿದ್ದಳು. ಮೊದಲನೆಯದರಲ್ಲಿ ಇಬ್ಬರ ಮುಖವೂ ಮೂಡಿತು. ಎರಡನೆಯದರಲ್ಲಿ ಮೂಡಿತು. ಮೂರನೆಯದು ಕಪ್ಪಾಗಿಯೇ ಇತ್ತು. ಅವಳು ಅದನ್ನು ಇನ್ನೊಮ್ಮೆ ತೊಳೆದಳು. ಮೆಲ್ಲಗೆ ಕಿಟಕಿಯ ಚೌಕಟ್ಟು ಕಂಡಿತು. ಒಂದು ಪುಟ್ಟ ಅಂಗೈ ಕಂಡಿತು. ಆಮೇಲೆ ಒಂದು ಮೂಗು, ಕಿಟಕಿಗೆ ಒತ್ತಿ ಚಪ್ಪಟೆಯಾಗಿದ್ದ ಮಗುವಿನ ಮೂಗು.

"ಬಂತು!" ಎಂದು ಅವಳು ಗುಡಾರದೊಳಗಿಂದಲೇ ಕಿರುಚಿದಳು.

ಅದೇ ಕ್ಷಣಕ್ಕೆ ಕೆಂಪು ಬೋಗಿಯ ಬಾಗಿಲು ತೆರೆಯಿತು. ಹೆಬ್ಬೆರಳುದ್ದದ ಇಬ್ಬರು ಹುಲ್ಲಿಗೆ ಹಾರಿದರು. ನೆಲ ಮುಟ್ಟುವಷ್ಟರಲ್ಲಿ ತಮ್ಮ ಎತ್ತರಕ್ಕೆ ಬೆಳೆದಿದ್ದರು.

ದೊರೆ ಗೋಡೆಯಿಂದ ಹೇಗೆ ಇಳಿದನೋ ಅವನಿಗೇ ತಿಳಿಯದು. ಮಗಳನ್ನು ಬಾಚಿ ಅಪ್ಪಿಕೊಂಡ. ಅವಳನ್ನು ಮಡಿಲಲ್ಲಿಟ್ಟುಕೊಂಡು ಹುಲ್ಲಿನ ಮೇಲೇ ಕುಳಿತ. ಚಂಪಕೆ ಅವನ ಗಡ್ಡ ಹಿಡಿದು ಹೇಳಿದಳು: "ಅಪ್ಪಾಜಿ, ದಿನಾ ನಿಮ್ಮನ್ನು ಕೂಗುತ್ತಿದ್ದೆ. ನೀವು ನೋಡುತ್ತಲೇ ಇರಲಿಲ್ಲ."

"ಇನ್ನು ನೋಡುತ್ತೇನೆ, ಮಗಳೇ," ಎಂದು ದೊರೆ ಅತ್ತ.

ಬಿಚ್ಚಿದ ಕಣ್ಕಟ್ಟು ಕಟ್ಟಿದವನಿಗೇ ತಿರುಗಿ ಸುತ್ತಿಕೊಂಡಿತು. ಹೊಗೆ ಚದುರಿತು, ಕುಂಡಲಾಕ್ಷ ಯಾರಿಗೂ ಕಾಣಲಿಲ್ಲ. ಒದ್ದೆ ಮಣ್ಣಿನಲ್ಲಿ ಹೆಜ್ಜೆಗುರುತು ಮಾತ್ರ ಒಂದೊಂದಾಗಿ ಮೂಡುತ್ತ, ಅವಸರದಿಂದ ಕೋಟೆಬಾಗಿಲು ದಾಟಿ ಹೋಯಿತು. ಮತ್ತೆ ಬರಲಿಲ್ಲ. ಮಂತ್ರ ಕಳೆದುಕೊಂಡವನನ್ನು ಯಾರೂ ಹುಡುಕಲೂ ಇಲ್ಲ.

ದೊರೆ ಎದ್ದು ಬಂದು ಕಾಳೋಜನ ಎದುರು ತಲೆಬಾಗಿಸಿ ನಿಂತ. "ನಿನ್ನನ್ನು ಕಳ್ಳ ಎಂದೆ. ನಿನ್ನ ಮಗನನ್ನು ಒಂಟಿ ಮಾಡಿದೆ. ತಪ್ಪಾಯಿತು ಕಾಳೋಜ."

"ಒಳಗಿದ್ದಾಗ ಮಗು ಅಳದಂತೆ ನೋಡಿಕೊಳ್ಳುವುದೇ ನನಗೊಂದು ಕೆಲಸವಾಗಿತ್ತು, ಬುದ್ಧೀ. ಕೋಪ ಮಾಡಿಕೊಳ್ಳಲು ಬಿಡುವು ಎಲ್ಲಿತ್ತು?" ಎಂದ ಕಾಳೋಜ. ಆಮೇಲೆ ಮಗನ ಕಡೆ ತಿರುಗಿದ. ಬಾಚೋಜ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ನಿಂತಿದ್ದ.

"ಎಲ್ಲಿ, ಕೈ ತೋರಿಸು."

"ಏನಿಲ್ಲಪ್ಪ."

"ತೋರಿಸೋ."

ಬಾಚೋಜ ತೋರಿಸಿದ. ಅಪ್ಪ ಆ ಸುಟ್ಟ ಅಂಗೈಗಳನ್ನು ತನ್ನ ಒರಟು ಕೈಯಲ್ಲಿ ಹಿಡಿದು ಬಾಯಿಂದ ಗಾಳಿ ಊದಿದ, ಚಿಕ್ಕವನಿದ್ದಾಗ ಊದುತ್ತಿದ್ದಂತೆ. ಏಳು ತಿಂಗಳಲ್ಲಿ ಒಮ್ಮೆಯೂ ಅಳದಿದ್ದ ಬಾಚೋಜ ಆಗ ಬಿಕ್ಕಿ ಬಿಕ್ಕಿ ಅತ್ತ. ದಾಸಿಯೊಬ್ಬಳು ಬೆಣ್ಣೆ ತಂದಳು. ಅವನ ಜೊತೆ ಮಾತು ಬಿಟ್ಟಿದ್ದ ಅಡುಗೆಯವನು, "ಬಾಚೋಜಾ, ಊಟಕ್ಕೆ ಬಾರಪ್ಪ, ಕೈ ವಾಸಿಯಾಗುವವರೆಗೆ ನಾನೇ ತಿನ್ನಿಸುತ್ತೇನೆ," ಎಂದ.

ಅಂದು ಹಂಸಗಿರಿಯಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡರು, ಬೇಗ ಮಲಗಿದರು, ಬಿಸಿಲೇರುವವರೆಗೆ ನಿದ್ದೆ ಮಾಡಿದರು. ದೊರೆಯನ್ನಂತೂ ಯಾರೂ ಎಬ್ಬಿಸಲಿಲ್ಲ. ರೇವಕ್ಕ ಅಲ್ಲೇ ಮನೆ ಮಾಡಿ ನಿಂತಳು. ಕಾಳೋಜ ಮತ್ತು ಬಾಚೋಜ ಹಳಿಯನ್ನು ಕೋಟೆಯ ಸುತ್ತ ಬೆಳೆಸಿದರು. ಚಂಪಕೆ ದೊಡ್ಡವಳಾಗಿ ರಾಜ್ಯವಾಳಿದಳು. ಆ ಊರಿನಲ್ಲಿ ಅಲ್ಲಿಂದಾಚೆ ಯಾರೂ ಕಳೆದುಹೋಗಲಿಲ್ಲ, ಎಲ್ಲರೂ ಸುಖವಾಗಿದ್ದರು. ಕೇಳಿದವರ ಮನೆಯಲ್ಲೂ ಹಾಗೇ ಇರಲಿ.