ರುಚಿ ನೋಡದೆ ಹಾಕಿದ ಉಪ್ಪು

ಅನ್ನಕ್ಕೆ ಸಾರು ಬಡಿಸಿದ ಕೂಡಲೇ ಅವನ ಕೈ ಉಪ್ಪಿನ ಬಟ್ಟಲಿಗೆ ಹೋಯಿತು. ಇನ್ನೂ ಒಂದು ತುತ್ತು ಬಾಯಿಗಿಟ್ಟಿರಲಿಲ್ಲ!

ಲೋಲಾಕ್ಷಿಗೆ ಮೈಯೆಲ್ಲ ಉರಿಯಿತು.

1962ರ ಮಾತು. ಸುಳ್ಯದ ಬಸ್ ನಿಲ್ದಾಣದ ಬಳಿ ಅವಳ ಅಪ್ಪ ದುಗ್ಗಪ್ಪನ ಊಟದ ಹೋಟೆಲು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಲೋಲಾಕ್ಷಿಯದೇ ಅಲ್ಲಿ ಅಡುಗೆ. ಬಡಿಸುವವನು ಜ್ವರದಿಂದ ಮಲಗಿದ್ದರಿಂದ ಅಂದು ಅವಳೇ ಹೊರಗೆ ಬಂದಿದ್ದಳು. ಉಣ್ಣುವವರಿಗೆ ಎದುರಾಡಬಾರದು, ಕೇಳಿದ್ದನ್ನು ಕೊಡಬೇಕು ಎಂಬುದು ಅಪ್ಪನ ಕಟ್ಟಪ್ಪಣೆ. ಆದರೂ ಬಟ್ಟಲನ್ನು ತನ್ನತ್ತ ಎಳೆದುಕೊಂಡಳು.

“ರುಚಿ ನೋಡದೆ ಉಪ್ಪು ಹಾಕುದು ಎಂತಕ್ಕೆ? ನನ್ನ ಅಡುಗೆ ಅಷ್ಟು ಸಪ್ಪೆಯಾ?”

ಅವನು ತಲೆಯೆತ್ತಿದ. ದಿನಾ ಮಧ್ಯಾಹ್ನ ಅಲ್ಲೇ ಉಣ್ಣುವ ಪುತ್ತೂರು ಬಸ್ಸಿನ ಡ್ರೈವರ್ ತೀರ್ಥರಾಮ. ಮುಖ ಊದಿಕೊಂಡಿತ್ತು. ಅಡುಗೆಯಲ್ಲಿ ತಪ್ಪಿಲ್ಲ ಎಂದ. ಕಿಡ್ನಿ ಕೆಟ್ಟಿದೆಯಂತೆ, ಉಪ್ಪು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದಾರಂತೆ. ಹೇಗೂ ಉಳಿಯುವವನಲ್ಲ, ಉಣ್ಣುವಷ್ಟು ದಿನ ರುಚಿಯಾಗಿ ಉಣ್ಣುತ್ತೇನೆ ಎಂದು ನಕ್ಕ.

ಅವಳು ಬಟ್ಟಲನ್ನು ಒಳಗೆ ಒಯ್ದುಬಿಟ್ಟಳು.

ಮರುದಿನದಿಂದ ಅವನಿಗೆಂದು ಉಪ್ಪಿಲ್ಲದ ಸಾರು, ಪಲ್ಯ ಬೇರೆಯೇ ಬೇಯತೊಡಗಿದವು. ಶುಂಠಿ, ಕಾಳುಮೆಣಸು, ಲಿಂಬೆಹುಳಿಯಲ್ಲೇ ರುಚಿ ತರಲು ಹೆಣಗಿದಳು. ಅವನೂ ತಕರಾರಿಲ್ಲದೆ ಉಂಡ. ಮಧ್ಯಾಹ್ನದ ಬಸ್ಸಿನ ಹಾರ್ನ್ ಕೇಳಿದರೆ ಅವಳು ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಅಯ್ಯೋ... ಇದೆಂಥ ಆಸೆ ನನ್ನದು?

ಮಳೆಗಾಲ ಮುಗಿಯುವಾಗ ಅವನು ಬರುವುದು ನಿಂತಿತು. ಸಪ್ಪೆ ಊಟ ಸಾಕಾಯಿತು, ಬೇರೆ ಹೋಟೆಲು ಹಿಡಿದಿದ್ದೇನೆ ಎಂದು ಅಪ್ಪನಲ್ಲಿ ಹೇಳಿಹೋಗಿದ್ದನಂತೆ. ಲೋಲಾಕ್ಷಿ ಒಲೆಯ ಮುಂದೆ ಕೂತು ಅತ್ತಳು. ಅವನಿಗೆ ನಾನು ಇಷ್ಟೇನಾ...

ನಿಜ ಗೊತ್ತಾದದ್ದು ಹೊಸ ಡ್ರೈವರ್ ಕಬೀರ್ ಊಟಕ್ಕೆ ಬಂದಾಗ. ತೀರ್ಥರಾಮ ಕಾಲು ಬಾತು ಬ್ರೇಕ್ ಒತ್ತಲಾಗದೆ ಕೆಲಸ ಬಿಟ್ಟಿದ್ದ. ಇಚಿಲಂಪಾಡಿಯ ಅಕ್ಕನ ಮನೆ ಸೇರಿದ್ದ. ಡಾಕ್ಟರು ಕೈಬಿಟ್ಟಾಗಿತ್ತು.

ಊರವರು ಏನೆಂದಾರು ಎಂದು ದುಗ್ಗಪ್ಪ ತಡೆದ. ಮಗಳು ಕೇಳದೆ ಇಚಿಲಂಪಾಡಿಗೆ ಹೊರಟಳು.

ತೀರ್ಥರಾಮ ಅಕ್ಕನ ಮನೆಯ ಜಗಲಿಯ ಗೋಡೆಗೊರಗಿ ಕೂತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ.

“ಎಂತಕ್ಕೆ ಬಂದದ್ದು? ಒಮ್ಮೆ ಕುಂಕುಮ ಅಳಿಸಿಕೊಂಡದ್ದು ಸಾಲದಾ ನಿಮಗೆ?”

“ಸುಳ್ಳು ಹೇಳಿ ಹೋದಿರಲ್ಲ.”

“ಸತ್ಯ ಹೇಳಿದ್ರೆ ನೀವು ಬರ್ತೀರಿ ಅಂತ ಗೊತ್ತಿತ್ತು.” ಅವನು ಈಗ ಅವಳತ್ತ ತಿರುಗಿದ. “ಮೊದಲು ನನಗೆ ಸಾಯ್ಲಿಕ್ಕೆ ಹೆದರಿಕೆ ಇರ್ಲಿಲ್ಲ. ನಿಮ್ಮ ಮೇಲೆ ಆಸೆ ಹುಟ್ಟಿದ ಮೇಲೆ... ಈಗ ಉಂಟು.”

ಅವಳು ನೆಲದ ಮೇಲೆ ಕೂತು, ಬಾತ ಅವನ ಪಾದವನ್ನು ಮೆಲ್ಲಗೆ ತನ್ನ ಮಡಿಲಿಗೆ ಎತ್ತಿಕೊಂಡಳು.

“ನನಗೂ ಹೆದರಿಕೆ ಉಂಟು” ಎಂದಳು.

ಅವನು ಪಾದ ಹಿಂದೆಳೆದುಕೊಳ್ಳದೆ ಕೇಳಿದ, “ಸಂಜೆ ವಾಪಸ್ ಹೋಗುದಲ್ವಾ?”

“ಇಲ್ಲ. ಅಕ್ಕನಲ್ಲಿ ಹೇಳಿ, ನನಗೂ ಒಂದು ಚಾಪೆ ಹಾಕ್ಲಿಕ್ಕೆ.”